ಆರು ಫೋಟೋಗಳ ಸಾಲ

ಬೀದಿಯಲ್ಲಿ ಅಲೆಯುತ್ತ ಫೋಟೋ ತೆಗೆಯುವ ಹುಚ್ಚಿರುವವರೆಲ್ಲ ಒಂದು ಸುಳ್ಳನ್ನು ಸಲೀಸಾಗಿ ಹೇಳುತ್ತೇವೆ: “ಕಳಿಸ್ತೀನಿ.” ಎದುರಿಗಿದ್ದವರು ಕ್ಯಾಮೆರಾದ ಪುಟ್ಟ ಪರದೆಯಲ್ಲಿ ತಮ್ಮ ಮುಖ ನೋಡಿ ನಕ್ಕು, “ನಮಗೊಂದು ಕೊಡ್ತೀರಾ?” ಎಂದು ಕೇಳುತ್ತಾರೆ. ನಾವು ಹೂಂ ಅನ್ನುತ್ತೇವೆ. ಆ ಕ್ಷಣಕ್ಕೆ ಅದು ಸುಳ್ಳಲ್ಲ. ವಿಮಾನ ಹತ್ತಿ ಬರ್ಮಿಂಗ್‌ಹ್ಯಾಮಿಗೆ ಬಂದು, ಸೂಟ್‌ಕೇಸಿನಿಂದ ಶೇಂಗಾ ಚಟ್ನಿಪುಡಿ ತೆಗೆದಿಟ್ಟು, ಸೋಮವಾರ ಬೆಳಗ್ಗೆ ಕೆಲಸಕ್ಕೆ ಹೊರಟ ಮೇಲೆ ಸುಳ್ಳಾಗುತ್ತದೆ.

2018 ರ ಡಿಸೆಂಬರಿನಲ್ಲಿ ನಾಸಿಕ ಮತ್ತು ಔರಂಗಾಬಾದಿನಲ್ಲಿ ಒಂದು ವಾರ ಕಾಲು ನೋಯುವಷ್ಟು ಅಲೆದಿದ್ದೆ. ತೆಗೆದದ್ದು ಸುಮಾರು ಎರಡು ಸಾವಿರ ಚಿತ್ರ. ಇಟ್ಟುಕೊಂಡದ್ದು ನಲವತ್ತು. ಅದರಲ್ಲಿ ನಾಲ್ಕು ಜನರಿಗೆ ಪ್ರಿಂಟ್ ಕಳಿಸುವುದಾಗಿ ಮಾತು ಕೊಟ್ಟಿದ್ದೆ. ಇನ್ನಿಬ್ಬರಿಗೆ ನಾನು ಫೋಟೋ ತೆಗೆದದ್ದೇ ಗೊತ್ತಿರಲಿಲ್ಲ. ಆ ಇಬ್ಬರಲ್ಲಿ ಒಬ್ಬಾಕೆಯ ಚಿತ್ರ ನಮ್ಮ ಮನೆಯ ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ಚೌಕಟ್ಟಿನೊಳಗೆ ಆರು ವರ್ಷ ತೂಗಿತು. ಹೋದ ದೀಪಾವಳಿಯಲ್ಲಿ ಹಣತೆ ಹಿಡಿದು ಕೆಳಗಿಳಿಯುತ್ತಿದ್ದ ನನ್ನ ಹೆಂಡತಿ ಅದರ ಮುಂದೆ ನಿಂತು, “ಈಕಿಗೆ ಒಂದು ಕಾಪಿ ಮುಟ್ಟಿಸಿದ್ರೇನು?” ಎಂದಳು. ನಾನು ವಿಳಾಸ ಇಲ್ಲ ಎಂದೆ. “ಮನಿ ಗೊತ್ತಿಲ್ಲ, ಓಣಿ ಗೊತ್ತದಲ್ಲ?” ಎಂದಳು. ಕಲಬುರಗಿಯ ಹೆಣ್ಣುಮಗಳ ಜೊತೆ ವಾದ ಮಾಡಿ ಗೆದ್ದವರಿಲ್ಲ.

ಹೀಗೆ 2025 ರ ಜನವರಿಯಲ್ಲಿ ಊರಿಗೆ ಹೋದಾಗ ಬ್ಯಾಗಿನಲ್ಲಿ ಒಂದು ದಪ್ಪ ರಟ್ಟಿನ ಲಕೋಟೆ ಇತ್ತು. ಒಳಗೆ ಎಂಟು ಇಂಚು ಅಗಲ, ಆರು ಇಂಚು ಎತ್ತರದ ಆರು ಫೋಟೋ.

ನಾಸಿಕದಲ್ಲಿ ಇಳಿದುಕೊಂಡದ್ದು ಗೆಳೆಯನ ಮನೆಯಲ್ಲಿ. ಇಂಜಿನಿಯರಿಂಗ್‌ನಲ್ಲಿ ನನ್ನ ಜೊತೆ ಓದಿದವನು, ಓಝರಿನ ಎಚ್‌ಎಎಲ್‌ನಲ್ಲಿ ಕೆಲಸ. 1960 ರ ದಶಕದಲ್ಲಿ ಮಿಗ್ ವಿಮಾನ ಕಟ್ಟಲೆಂದು ಶುರುವಾದ ಕಾರ್ಖಾನೆ ಅದು. ಬೆಂಗಳೂರಿನಿಂದ ವರ್ಗವಾಗಿ ಬಂದ ಕನ್ನಡದವರು ಅಲ್ಲಿ ಈಗಲೂ ಸಿಗುತ್ತಾರೆ. ಗೆಳೆಯನ ಮಕ್ಕಳು ತಮ್ಮೊಳಗೆ ಮರಾಠಿಯಲ್ಲಿ ಜಗಳವಾಡಿ, ತೀರ್ಪಿಗೆ ಕನ್ನಡದಲ್ಲಿ ಅಮ್ಮನ ಹತ್ತಿರ ಬರುತ್ತಾರೆ. ನಮ್ಮ ಮನೆಯಲ್ಲಿ ಜಗಳ ಇಂಗ್ಲಿಷಿನಲ್ಲಿ, ತೀರ್ಪು ಮಾತ್ರ ಅದೇ ಭಾಷೆಯಲ್ಲಿ.

“ಆರು ವರ್ಷದ ಮ್ಯಾಲೆ ಹುಡುಕ್ತಿಯೇನಲೇ? ಹುಚ್ಚು ಹಿಡದದ ನಿನಗ,” ಎಂದ ಗೆಳೆಯ. ಆದರೂ ಬುಧವಾರ ಬೆಳಗ್ಗೆ ಏಳಕ್ಕೆ ನನ್ನನ್ನು ಗೋದಾವರಿಯ ದಂಡೆಗೆ ತಂದು ಬಿಟ್ಟ.

ನಾಸಿಕದವರು ಗೋದಾವರಿಯನ್ನು ಗೋದಾವರಿ ಎನ್ನುವುದು ಕಡಿಮೆ. ಅವರಿಗೆ ಅದು ಗಂಗೆ. “ಎಲ್ಲಿಗೆ ಹೊರಟಿರಿ?” ಎಂದರೆ “ಗಂಗೇವರ್” ಎನ್ನುತ್ತಾರೆ. ಹೊಳೆ ದಂಡೆಯಲ್ಲಿ ಬುಧವಾರ ಸಂತೆ. ಮೆಟ್ಟಿಲುಗಳ ಮೇಲೆ, ಸಣ್ಣ ಸಣ್ಣ ಗುಡಿಗಳ ನಡುವೆ, ಮೆಂತ್ಯ, ಕೊತ್ತಂಬರಿ, ಹಸಿ ಕಡಲೆಯ ರಾಶಿ. ಜನವರಿಯಲ್ಲಿ ನಾಸಿಕದ ಬೆಳಗಿನ ಚಳಿ ಇಂಗ್ಲೆಂಡಿನಿಂದ ಬಂದವನಿಗೂ ಸ್ವೆಟರ್ ಬೇಕೆನಿಸುವಂಥದ್ದು. ಆದರೆ ಬೆಳಕು! ನಮ್ಮ ಬರ್ಮಿಂಗ್‌ಹ್ಯಾಮಿನ ಜನವರಿಯಲ್ಲಿ ಬೆಳಕೆಂದರೆ ತೊಳೆದ ಪಾತ್ರೆಯ ನೀರು. ಇಲ್ಲಿ ಏಳೂವರೆಗೆ ಹೊಗೆ, ಮಂಜು, ಅಗರಬತ್ತಿ ಎಲ್ಲದರ ಮೂಲಕ ಓರೆಯಾಗಿ ಇಳಿದು ಪ್ರತಿ ಮುಖಕ್ಕೂ ಒಂದು ಅಂಚು ಕೊಡುತ್ತದೆ. ಇಂಥ ಬೆಳಕಿನಲ್ಲಿ ಕೆಟ್ಟ ಫೋಟೋ ತೆಗೆಯುವುದೇ ಕಷ್ಟ. ಹಾಗಾಗಿ ಒಳ್ಳೆಯದನ್ನು ತೆಗೆದೆ ಎಂದು ಬೀಗಬಾರದು.

ನನ್ನ ವಿಧಾನ ಸರಳ. ಒಂದು ಚಿಕ್ಕ ಕ್ಯಾಮೆರಾ, ಬದಲಾಯಿಸಲಾಗದ ಒಂದೇ ಲೆನ್ಸ್. ಜೂಮ್ ಇಲ್ಲ. ದೊಡ್ಡದಾಗಿ ಬೇಕಿದ್ದರೆ ಹತ್ತಿರ ಹೋಗಬೇಕು. ಫೋಕಸ್ಸನ್ನು ಎಂಟಡಿ ದೂರಕ್ಕೆ ಮೊದಲೇ ಹೊಂದಿಸಿ, ಅಪರ್ಚರ್ ಎಂಟಕ್ಕೆ ಇಟ್ಟುಬಿಟ್ಟರೆ ಐದಾರು ಅಡಿಯಿಂದ ಹದಿನೈದು ಅಡಿಯವರೆಗೆ ಎಲ್ಲವೂ ಸ್ಪಷ್ಟ. ಕಣ್ಣಿಗೆ ಏರಿಸಿ ಹೊಂದಿಸುವ ಗೊಡವೆ ಇಲ್ಲ. ಎಂಟಡಿ ಎಂದರೆ ಎದುರಿಗಿದ್ದವರ ಉಸಿರು ಕೇಳುವಷ್ಟು ಹತ್ತಿರ. ಮೈಸೂರಿನ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ನೋಡಿದಾಗಲೆಲ್ಲ ನನಗೆ ಹೊಳೆಯುವುದು ಇದೇ: ಎದುರಿಗಿದ್ದ ಜನ ಅವರನ್ನು ಹತ್ತಿರಕ್ಕೆ ಬಿಟ್ಟುಕೊಂಡಿದ್ದಾರೆ. ನಾನು ಹಾಗೆ ಬಿಟ್ಟುಕೊಂಡವರನ್ನೂ ತೆಗೆದಿದ್ದೇನೆ, ಬಿಟ್ಟುಕೊಳ್ಳುವ ಮೊದಲೇ ನುಗ್ಗಿಯೂ ತೆಗೆದಿದ್ದೇನೆ.

ಮೊದಲ ಫೋಟೋ ಸೊಪ್ಪು ಮಾರುವವಳದು. ಅದನ್ನು ಸಂತೆಯಲ್ಲಿ ತೋರಿಸಿದ್ದೇ ತಡ, ಹತ್ತು ಜನ ಕೂಡಿದರು. ಮೂವರು ಮೂರು ಬೇರೆ ಬೇರೆ ಹೆಸರು ಹೇಳಿ ಜಗಳಕ್ಕೇ ನಿಂತರು. ಒಬ್ಬಾಕೆ “ಇದು ನಾನೇ, ಕೊಡಿ” ಎಂದಳು. ಅದು ಅವಳಲ್ಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು, ನೆರೆದ ಹತ್ತು ಜನಕ್ಕೂ ಗೊತ್ತು. ಎಲ್ಲರೂ ನಕ್ಕರು. ಕೊನೆಗೆ ಬೆಳ್ಳುಳ್ಳಿ ಮಾರುವ ಅಜ್ಜಿಯೊಬ್ಬಳು, “ಅವಳು ನಮ್ಮೂರ ಕಡೆಯವಳು, ಮೊಣಕಾಲು ನೋವು, ಈಗ ಬರೋದಿಲ್ಲ. ನಾನು ಮುಟ್ಟಿಸ್ತೀನಿ” ಎಂದಳು. ನಂಬಿದೆನೋ ಬಿಟ್ಟೆನೋ, ಕೊಟ್ಟೆ. ಅಜ್ಜಿ ಫೋಟೋವನ್ನು ಹಣದ ಡಬ್ಬಿಯ ಕೆಳಗಿಟ್ಟು ಅದರ ಮೇಲೆ ತಾನು ಕೂತಳು. ಅದಕ್ಕಿಂತ ಭದ್ರವಾದ ಜಾಗ ಆ ಸಂತೆಯಲ್ಲಿರಲಿಲ್ಲ.

ಎರಡನೆಯದು ನೀರಿಗೆ ಹಾರುವ ಹುಡುಗನದು. ಹೊಳೆಯ ನಡುವೆ ಎರಡು ಮುಖದ ಆಂಜನೇಯನ ಎತ್ತರದ ಮೂರ್ತಿಯಿದೆ, ದುತೋಂಡ್ಯಾ ಮಾರುತಿ. ನಾಸಿಕದವರ ಪ್ರವಾಹದ ಅಳತೆಗೋಲು ಅದೇ. ನೀರು ಮಾರುತಿಯ ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಎದೆಗೆ ಬಂತು ಎಂದೇ ಸುದ್ದಿ ಹರಡುತ್ತದೆ. 2019 ರ ಆಗಸ್ಟಿನಲ್ಲಿ ಕುತ್ತಿಗೆ ಮುಟ್ಟಿದ ಚಿತ್ರಗಳನ್ನು ನಾನು ಇಂಗ್ಲೆಂಡಿನಲ್ಲಿ ಕೂತು ಫೋನಿನಲ್ಲಿ ನೋಡಿದ್ದೆ. ನನ್ನ ಚಿತ್ರದಲ್ಲಿ ಹನ್ನೆರಡು-ಹದಿಮೂರು ವಯಸ್ಸಿನ ಹುಡುಗ ಕಟ್ಟೆಯಿಂದ ಹಾರಿ ಗಾಳಿಯಲ್ಲಿದ್ದಾನೆ, ಹಿಂದೆ ಮಾರುತಿಯೂ ಹಾರಲು ಸಿದ್ಧನಾದ ಹಾಗೆ ನಿಂತಿದ್ದಾನೆ. ದಂಡೆಯಲ್ಲಿದ್ದ ಹುಡುಗರಿಗೆ ತೋರಿಸಿದೆ. ಎರಡು ನಿಮಿಷದಲ್ಲಿ ಒಬ್ಬ ವಿಡಿಯೋ ಕಾಲ್ ಹಚ್ಚಿ ಫೋನು ನನ್ನ ಮುಖಕ್ಕೆ ಹಿಡಿದ. ಆಚೆ ಮೀಸೆ ಚಿಗುರಿದ ತರುಣ, ಪಿಂಪಳಗಾವಿನ ಕಡೆ ದ್ರಾಕ್ಷಿ ಪ್ಯಾಕಿಂಗ್ ಶೆಡ್ಡಿನಲ್ಲಿ ತಲೆಗೆ ಬಲೆಯ ಟೊಪ್ಪಿಗೆ ಹಾಕಿ ನಿಂತಿದ್ದ. ಫೋಟೋವನ್ನು ಕ್ಯಾಮೆರಾದ ಮುಂದೆ ಹಿಡಿದೆ. ಅವನು ಗುರುತಿಸಿದ್ದು ತನ್ನನ್ನಲ್ಲ, ಚಡ್ಡಿಯನ್ನು. “ಅರೇ, ಅದು ದಾದಾನ ಚಡ್ಡಿ!” ಪ್ರಿಂಟನ್ನು ಘಾಟಿನಲ್ಲಿ ಹೂ ಮಾರುವ ಅವನ ತಾಯಿಗೆ ಕೊಟ್ಟೆ. ಆಕೆ ಒಂದು ಸೇವಂತಿಗೆ ಮಾಲೆ ಕೊಟ್ಟಳು. ಇಡೀ ಬೆಳಗು ಕ್ಯಾಮೆರಾದ ಪಟ್ಟಿಯ ಜೊತೆ ಅದನ್ನೂ ಕೊರಳಲ್ಲಿ ಹಾಕಿಕೊಂಡು ಅಲೆದೆ. ಕೊರಳಲ್ಲಿ ಹಾರವಿರುವ ಫೋಟೋಗ್ರಾಫರನನ್ನು ಯಾರೂ ಅನುಮಾನಿಸುವುದಿಲ್ಲ, ಇದನ್ನು ಉಳಿದವರೂ ಪ್ರಯತ್ನಿಸಬಹುದು.

ಮೂರನೆಯದನ್ನು ಹೊರತೆಗೆಯುವ ಮೊದಲು ಸ್ವಲ್ಪ ಹೊತ್ತು ರಾಮಕುಂಡದ ಮೆಟ್ಟಿಲ ಮೇಲೆ ಕೂತೆ. ರಾಮಕುಂಡಕ್ಕೆ ದೇಶದ ಮೂಲೆಮೂಲೆಯಿಂದ ಅಸ್ಥಿ ಬಿಡಲು ಬರುತ್ತಾರೆ. ದಂಡೆಯಲ್ಲಿ ಸಾಲಾಗಿ ಕ್ಷೌರಿಕರು. ನನ್ನ ಚಿತ್ರದಲ್ಲಿ ನಲವತ್ತರ ಆಸುಪಾಸಿನ ಒಬ್ಬ ತಲೆ ಬಗ್ಗಿಸಿ ಕೂತಿದ್ದಾನೆ. ಅರ್ಧ ತಲೆ ಬೋಳಾಗಿದೆ, ಅರ್ಧ ಇನ್ನೂ ಇದೆ. ಕ್ಷೌರಿಕನ ಕೈ ಮಾತ್ರ ಚೌಕಟ್ಟಿನೊಳಗೆ. ಆ ಮನುಷ್ಯ ಅಳುತ್ತಿಲ್ಲ, ಏನನ್ನೋ ಲೆಕ್ಕ ಹಾಕುತ್ತಿರುವ ಮುಖ. ಕೇಳದೆ ತೆಗೆದದ್ದು.

ಕೈಯನ್ನು ಗುರುತಿಸಿದ್ದು ಕೈಯ ಒಡೆಯನೇ. ಬೆರಳಿನ ಉಂಗುರ ಅದೇ ಇತ್ತು. “ನನ್ನ ಕೈ,” ಎಂದು ಖುಷಿಪಟ್ಟ ಕ್ಷೌರಿಕ. ಹಾಗಾದರೆ ಇಟ್ಟುಕೊಳ್ಳಿ ಎಂದೆ. ಅವನು ಫೋಟೋವನ್ನು ಇನ್ನೊಮ್ಮೆ ನೋಡಿ ತಲೆಯಾಡಿಸಿ ವಾಪಸ್ಸು ಕೊಟ್ಟ. “ಈ ದಿನದ ಫೋಟೋ ಯಾರ ಮನೆಯಲ್ಲೂ ಇರಬಾರದು, ಸಾಹೇಬ್.”

ನಮ್ಮ ಮನೆಯಲ್ಲಿ ಒಂದಿದೆ. 2020 ರ ಮೇ ತಿಂಗಳಲ್ಲಿ ಅಪ್ಪ ತೀರಿಕೊಂಡಾಗ ವಿಮಾನಗಳಿರಲಿಲ್ಲ. ಕಲಬುರಗಿಯಲ್ಲಿ ತಮ್ಮ ಕಿಚ್ಚು ಇಟ್ಟದ್ದನ್ನು ನಾನು ಬರ್ಮಿಂಗ್‌ಹ್ಯಾಮಿನ ಅಡುಗೆಮನೆಯಲ್ಲಿ ನಿಂತು ನೋಡಿದೆ. ಯಾರೋ ಅದನ್ನು ವಿಡಿಯೋ ಮಾಡಿ ಕಳಿಸಿದ್ದರು. ನಾಲ್ಕು ನಿಮಿಷದ್ದು. ಅದನ್ನು ಮತ್ತೆ ನೋಡಿಲ್ಲ, ಅಳಿಸಿಯೂ ಇಲ್ಲ. ಹೊಸ ಫೋನು ಕೊಂಡಾಗಲೆಲ್ಲ ಅದೂ ಜೊತೆಗೆ ಬರುತ್ತದೆ. ಕ್ಷೌರಿಕನಿಗೆ ಇದನ್ನು ಹೇಳಬೇಕೆನಿಸಿತು, ಹೇಳಲಿಲ್ಲ. ಅವನ ಮುಂದೆ ಇನ್ನೊಬ್ಬ ತಲೆ ಬಗ್ಗಿಸಿ ಕೂತಾಗಿತ್ತು.

ಅಲ್ಲಿಂದ ಪಂಚವಟಿಯ ಕಡೆ ನಡೆದೆ. ಕಾಳಾರಾಮ ಗುಡಿಯ ಪೂರ್ವ ಬಾಗಿಲ ಮುಂದೆ ಹಾದು ಹೋಗುವಾಗ ಎಂದಿನಂತೆ ಹೆಜ್ಜೆ ನಿಧಾನವಾಯಿತು. 1930 ರ ಮಾರ್ಚ್ 2 ರಂದು ಅಂಬೇಡ್ಕರ್ ಅವರ ಮುಂದಾಳತ್ವದಲ್ಲಿ ಈ ಬಾಗಿಲುಗಳ ಮುಂದೆ ಸತ್ಯಾಗ್ರಹ ಶುರುವಾಗಿ ವರ್ಷಗಟ್ಟಲೆ ನಡೆಯಿತು. ಬಾಗಿಲು ತೆರೆಯಲಿಲ್ಲ. ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು ಬೇಕಾದ ಓಣಿಗೆ ನುಗ್ಗುವ ನನ್ನಂಥವನಿಗೆ, ಓಣಿಗಳು ಎಲ್ಲರಿಗೂ ತೆರೆದೇ ಇದ್ದವು ಎಂಬ ಭ್ರಮೆ ಬರುವುದು ಸುಲಭ.

ಹೊಳೆ ದಾಟಿ ಹಳೆ ನಾಸಿಕ. ಸರಾಫ್ ಬಾಜಾರ್, ಪೇಶ್ವೆಯರ ಕಾಲದ ಸರ್ಕಾರವಾಡಾ, ಅದರಾಚೆ ಭಾಂಡಿ ಬಾಜಾರ್. ಹಳೆಯ ವಾಡೆಗಳ ಮರದ ಕಂಬ, ಮೇಲೆ ವಾಲಿದ ಮಾಳಿಗೆ, ಅದಕ್ಕೆ ಆತುಕೊಂಡ ಕಾಂಕ್ರೀಟು. ಆರು ವರ್ಷದ ಹಿಂದೆ ನೋಡಿದ ಎರಡು ವಾಡೆಗಳ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಭಾಂಡಿ ಎಂದರೆ ಪಾತ್ರೆ. ಹಿಂದಿನ ಗಲ್ಲಿಗಳಲ್ಲಿ ತಾಂಬಟರು, ಅಂದರೆ ತಾಮ್ರದ ಕೆಲಸದವರು. ತಾಮ್ರವನ್ನು ಕಾಯಿಸಿದರೆ ಮೆತ್ತಗಾಗುತ್ತದೆ, ಬಡಿದರೆ ಗಟ್ಟಿಯಾಗುತ್ತದೆ. ಆಕಾರ ಬಂದ ಮೇಲೂ ಮೈತುಂಬ ಸಣ್ಣ ಸಣ್ಣ ಏಟು ಹಾಕುತ್ತಾರೆ. ನಮ್ಮ ಕಣ್ಣಿಗೆ ಅದು ಚುಕ್ಕಿ ಚುಕ್ಕಿಯ ಅಲಂಕಾರ, ಪಾತ್ರೆಗೆ ಅದೇ ಬಲ. 2018 ರಲ್ಲಿ ಈ ಗಲ್ಲಿಯನ್ನು ಕಣ್ಣು ಮುಚ್ಚಿಕೊಂಡೂ ಹುಡುಕಬಹುದಿತ್ತು, ಸದ್ದು ದಾರಿ ತೋರಿಸುತ್ತಿತ್ತು. ಈ ಸಲ ಎರಡು ಬಾರಿ ದಾರಿ ತಪ್ಪಿದೆ.

ಅಂಗಡಿಯಲ್ಲಿ ಮಗ ಕೂತಿದ್ದ. ಸುತ್ತ ಸ್ಟೀಲು, ನಾನ್‌ಸ್ಟಿಕ್. ಫೋಟೋ ನೋಡಿ ಮಾತಿಲ್ಲದೆ ಎದ್ದು ನನ್ನನ್ನು ಮಾಳಿಗೆಗೆ ಕರೆದೊಯ್ದ. ಅಜ್ಜ ಕಿಟಕಿಯ ಬಳಿ ಬಿಸಿಲಿಗೆ ಕೂತಿದ್ದರು. ಕಣ್ಣು ಪೂರ್ತಿ ಹೋಗಿದೆ. ಫೋಟೋವನ್ನು ಕೈಗೆ ಕೊಟ್ಟರು. ಅಜ್ಜ ಅದರ ಅಂಚು ಸವರಿ, “ನನ್ನ ಕೈಯಲ್ಲಿ ಯಾವ ಸುತ್ತಿಗೆ ಇದೆ?” ಎಂದು ಕೇಳಿದರು. ಮಗ ಬಗ್ಗಿ ನೋಡಿ ಹೇಳಿದ. “ಅದು ನನ್ನದಲ್ಲ, ಆಚೆ ಅಂಗಡಿಯವನದು. ನನ್ನದರ ಹಿಡಿ ಮುರಿದಿತ್ತು.” ಆಮೇಲೆ, “ಏನು ಬಡೀತಿದ್ದೀನಿ?” ಮಗ “ಘಂಗಾಳ” ಎಂದ. ಅಜ್ಜ ತಲೆಯಾಡಿಸಿದರು. “ಮದುವೆಯದು. ಇಂದೋರಿನವರು ಹೇಳಿ ಮಾಡಿಸಿದ್ದು.”

ನನಗೆ ನಗು ತಡೆಯಲಾಗಲಿಲ್ಲ. ಮರಾಠಿಯ ಘಂಗಾಳ ಸ್ನಾನದ ನೀರಿನ ದೊಡ್ಡ ಅಗಲ ಪಾತ್ರೆ. ನಮ್ಮ ಉತ್ತರ ಕರ್ನಾಟಕದಲ್ಲಿ ಗಂಗಾಳ ಎಂದರೆ ಊಟದ ತಟ್ಟೆ. “ನಮ್ಮ ಕಡೆ ನಾವು ಅದರಲ್ಲಿ ರೊಟ್ಟಿ ತಿಂತೀವಿ” ಎಂದು ನನ್ನ ಹರಕು ಮರಾಠಿಯಲ್ಲಿ ಹೇಳಿದೆ. ಅಜ್ಜ ಕಾಣದ ಕಣ್ಣುಗಳನ್ನು ನನ್ನತ್ತ ತಿರುಗಿಸಿ, “ಅಷ್ಟೊಂದು ತಿಂತೀರಾ?” ಎಂದರು. ಫೋಟೋವನ್ನು ಹೆಂಡತಿಯ ಪಟದ ಪಕ್ಕ ಇಡಲು ಹೇಳಿದರು. ಇಟ್ಟರೋ ಇಲ್ಲವೋ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಮರುದಿನ ತಪೋವನ ಎಕ್ಸ್‌ಪ್ರೆಸ್ ಹಿಡಿದೆ. ಮನಮಾಡ ದಾಟಿದ ಮೇಲೆ ನೆಲದ ಬಣ್ಣ ಬದಲಾಗುತ್ತದೆ. ದ್ರಾಕ್ಷಿತೋಟಗಳು ಹಿಂದುಳಿದು ಒಣ ಹೊಲಗಳು ಬರುತ್ತವೆ. ನಾಸಿಕದಿಂದ ಮರಾಠವಾಡಕ್ಕೆ ಗೋದಾವರಿಯೂ ಇದೇ ದಿಕ್ಕಿಗೆ ಹೊರಡುತ್ತಾಳೆ. ನಾಸಿಕದ ಮೇಲ್ಗಡೆ ಗಂಗಾಪುರ ಅಣೆಕಟ್ಟು, ಕೆಳಗೆ ಪೈಠಣದಲ್ಲಿ ಜಾಯಕವಾಡಿ. ಮೇಲಿನವರು ಬಿಟ್ಟರೆ ಕೆಳಗಿನವರಿಗೆ ನೀರು. ಬರ ಬಿದ್ದ ವರ್ಷ ಬಿಡಿ ಎಂದು ಇವರು, ಬಿಡೆವು ಎಂದು ಅವರು, ನಡುವೆ ಕೋರ್ಟು. ಕಾವೇರಿಯ ಕತೆ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದೇ ರಾಜ್ಯದ ಒಳಗೂ ಅದು ನಡೆಯುತ್ತದೆ, ಅಷ್ಟೇ ವ್ಯತ್ಯಾಸ. 2018 ರಲ್ಲಿ ನಾನು ಬರುವ ಸ್ವಲ್ಪ ಮೊದಲಷ್ಟೇ ನಾಸಿಕ-ನಗರ ಕಡೆಯ ಅಣೆಕಟ್ಟುಗಳಿಂದ ಪ್ರತಿಭಟನೆಯ ನಡುವೆ ಜಾಯಕವಾಡಿಗೆ ನೀರು ಬಿಟ್ಟಿದ್ದರು. ಆಗ ನನಗೆ ಇದರ ಗೊಡವೆಯೇ ಇರಲಿಲ್ಲ. ನಾನು ಬೆಳಕು ಹುಡುಕುತ್ತಿದ್ದೆ.

ಊರಿನ ಹೆಸರು 2023 ರಲ್ಲಿ ಅಧಿಕೃತವಾಗಿ ಛತ್ರಪತಿ ಸಂಭಾಜಿನಗರ ಆಗಿತ್ತು. ರೈಲ್ವೆ ನಿಲ್ದಾಣದ ಹಲಗೆ ಮಾತ್ರ ನಾನು ಇಳಿದ ದಿನ ಇನ್ನೂ ಔರಂಗಾಬಾದ್ ಎನ್ನುತ್ತಿತ್ತು. ಜನರ ಬಾಯಲ್ಲಿ ಎರಡೂ ಇವೆ. ಯಾರು ಯಾವುದನ್ನು ಹೇಳುತ್ತಾರೆ ಎಂಬುದರಲ್ಲಿ ಬಹಳಷ್ಟು ಸಂಗತಿ ಅಡಗಿದೆ, ಹೊರಗಿನವನಾದ ನಾನು ಎದುರಿಗಿದ್ದವರು ಹೇಳಿದ್ದನ್ನೇ ಹೇಳಿದೆ. ಈ ಊರಿಗೆ ಹೆಸರು ಬದಲಾಯಿಸುವುದು ಹೊಸದೇನಲ್ಲ. ಇಥಿಯೋಪಿಯಾದಿಂದ ಗುಲಾಮನಾಗಿ ಬಂದು ಅಹಮದನಗರದ ರಾಜ್ಯವನ್ನೇ ನಡೆಸಿದ ಮಲಿಕ್ ಅಂಬರ್ 1610 ರಲ್ಲಿ ಕಟ್ಟಿದಾಗ ಅದು ಖಡಕಿ. ಅವನ ಮಗನ ಕಾಲಕ್ಕೆ ಫತೇನಗರ. ಆಮೇಲೆ ಔರಂಗಾಬಾದ್. ನನ್ನ ಅಜ್ಜನಿಗೆ ಅದು ‘ಔರಂಗಾಬಾದ್ ಸುಭಾ’. ನಿಜಾಮರ ರಾಜ್ಯದ ನಾಲ್ಕು ಸುಭಾಗಳಲ್ಲಿ ಅದೊಂದು, ನಮ್ಮ ಗುಲ್ಬರ್ಗ ಇನ್ನೊಂದು. 1956 ರ ತನಕ ಒಂದೇ ರಾಜ್ಯದಲ್ಲಿದ್ದ ಊರುಗಳು. ಇಲ್ಲಿನ ಓಣಿಗಳಲ್ಲಿ ದಖನಿ ಕಿವಿಗೆ ಬಿದ್ದರೆ ನನಗೆ ನಮ್ಮ ಬಹಮನಿಪುರದ ಚಹಾದಂಗಡಿಯಲ್ಲಿ ಕೂತ ಹಾಗಾಗುತ್ತದೆ.

ಬಸ್ ಸ್ಟ್ಯಾಂಡಿನ ಮುಂದೆ ಹಾದು ಹೋಗುವಾಗ ಒಂದು ಕೆಂಪು ಬಸ್ಸು ಹೊರಟಿತ್ತು. ಹಣೆಯ ಮೇಲೆ ದೇವನಾಗರಿಯಲ್ಲಿ ಒಂದೇ ಪದ: ‘ಕನ್ನಡ’. ಜಿಲ್ಲೆಯ ಒಂದು ತಾಲ್ಲೂಕಿನ ಹೆಸರು ಅದು. ಚಾಳೀಸಗಾವಿನ ದಾರಿಯಲ್ಲಿ, ಘಾಟಿನ ಮೇಲಿದೆ. ಗೋದಾವರಿಯವರೆಗೆ ಹಬ್ಬಿದ್ದ ಕನ್ನಡನಾಡಿನ ಮಾತನ್ನು ಕವಿರಾಜಮಾರ್ಗದ ನೆಪದಲ್ಲಿ ರಾಜ್ಯೋತ್ಸವದ ಭಾಷಣಗಳಲ್ಲಿ ಪ್ರತಿ ವರ್ಷ ಕೇಳುತ್ತೇವೆ. ಹತ್ತಿರದಲ್ಲೇ ಎಲ್ಲೋರದ ಕೈಲಾಸವಿದೆ, ರಾಷ್ಟ್ರಕೂಟ ಕೃಷ್ಣನ ಕಾಲದ್ದು. ಅದೆಲ್ಲ ಸರಿ. ಆದರೆ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ “ಕನ್ನಡ, ಕನ್ನಡ, ಕನ್ನಡ!” ಎಂದು ಕೂಗಿದಾಗ ಆಗುವ ಪುಳಕವೇ ಬೇರೆ. ಫೋಟೋ ತೆಗೆದೆ. ಬಸ್ಸು ಅಲ್ಲಾಡಿತ್ತು, ಚಿತ್ರವೂ ಅಲ್ಲಾಡಿದೆ. ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ನನ್ನ ಜೀವಮಾನದಲ್ಲೇ ಅತಿ ಹೆಚ್ಚು ಮೆಚ್ಚುಗೆ ಬಂದ ಚಿತ್ರ ಅದು.

ಐದನೆಯ ಫೋಟೋದ ಒಡೆಯ ಪೈಠಣ್ ಗೇಟಿನ ಹತ್ತಿರ ಸೈಕಲ್ ರಿಪೇರಿ ಮಾಡುವವನು. ಕೂತ ಜಾಗದಿಂದ ಒಂದು ಗೇಣೂ ಸರಿದಿರಲಿಲ್ಲ. ಫೋಟೋ ನೋಡಿ ಮೊದಲ ಮಾತು: “ಹೊಟ್ಟೆ ಇಷ್ಟು ದೊಡ್ಡದಾ?” ಎರಡನೆಯ ಮಾತು: “ಗೇಟು ಎಲ್ಲಿ?” ನಾನು ಅವನ ಮುಖ ದೊಡ್ಡದಾಗಲೆಂದು ಗೇಟನ್ನು ಅರ್ಧ ಕತ್ತರಿಸಿದ್ದೆ. ಅವನಿಗೆ ಅದು ಸರಿಬರಲಿಲ್ಲ. ಇದು ಐವತ್ತೆರಡು ದರವಾಜಾಗಳ ಊರೆಂದು ಹೆಸರಾದದ್ದು. ಉಳಿದಿರುವುದು ಅದಕ್ಕಿಂತ ಬಹಳ ಕಡಿಮೆ. ಉಳಿದವುಗಳನ್ನು ಅವನು ಬೆರಳು ಮಡಚಿ ಎಣಿಸಿದ: ಭಡಕಲ್, ದಿಲ್ಲಿ, ಮಕಾಯಿ, ರೋಷನ್, ರಂಗೀನ್, ಬಾರಾಪುಲ್ಲಾ... “ಭಡಕಲ್ ಎಲ್ಲಕ್ಕಿಂತ ಹಳೆಯದು, ಅಂಬರ್ ಸಾಹೇಬರು ಗೆದ್ದ ಖುಷಿಗೆ ಕಟ್ಟಿದ್ದು. ಹೋಗಿ ನೋಡಿ. ಪೂರ್ತಿ ತೆಗೀರಿ, ಅರ್ಧ ತೆಗೀಬೇಡಿ.” ಚಹಾ ಕುಡಿಸಿ ಕಳಿಸಿದ. ಹೋಗಿ ಪೂರ್ತಿ ತೆಗೆದೆ.

ಇನ್ನು ಉಳಿದದ್ದು ಮೆಟ್ಟಿಲ ಪಕ್ಕದ ಚಿತ್ರ.

ಅದರಲ್ಲಿ ಒಬ್ಬ ಹೆಂಗಸು ಮಗುಚಿ ಹಾಕಿದ ಬಕೆಟ್ಟಿನ ಮೇಲೆ ಕೂತು, ನೀಲಿ ಪ್ಲಾಸ್ಟಿಕ್ ಡ್ರಮ್ಮಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಾಳೆ. ದುಪ್ಪಟ್ಟಾ ಹಸಿರು, ಗೋಡೆ ಗುಲಾಬಿ, ಡ್ರಮ್ಮು ನೀಲಿ. ಮುಂದೆ ನಾಲ್ಕು ಖಾಲಿ ಕೊಡ. ಬೆಳಗಿನ ಬೆಳಕು ಕೆನ್ನೆಯ ಮೇಲೆ. 2019 ರಲ್ಲಿ ನಮ್ಮೂರ ಕ್ಯಾಮೆರಾ ಕ್ಲಬ್ಬಿನ ವಾರ್ಷಿಕ ಸ್ಪರ್ಧೆಯಲ್ಲಿ ಅದಕ್ಕೆ ಮೊದಲ ಬಹುಮಾನ ಬಂತು. ತೀರ್ಪುಗಾರರು ಅದರ ‘ಪ್ರಶಾಂತತೆ’ಯನ್ನು ಹೊಗಳಿದ್ದರು. ಇಪ್ಪತ್ತೈದು ಪೌಂಡಿನ ವೋಚರ್ ಕೊಟ್ಟಿದ್ದರು. ಅದರಿಂದ ಮೆಮೊರಿ ಕಾರ್ಡ್ ಕೊಂಡಿದ್ದೆ.

ಶಹಾಗಂಜಿನ ಗಡಿಯಾರ ಗೋಪುರದಿಂದ ಒಳಗೆ ಹೋಗುವ ಓಣಿಗಳಲ್ಲಿ ಒಂದರಲ್ಲಿ ಅದನ್ನು ತೆಗೆದದ್ದು. ಗೋಡೆಗೆ ಈಗ ಬೇರೆ ಬಣ್ಣ. ಗೋಲಿ ಆಡುತ್ತಿದ್ದ ಹುಡುಗರು ಮುಖಕ್ಕಿಂತ ಮೊದಲು ಡ್ರಮ್ಮನ್ನು ಗುರುತಿಸಿದರು. ಅದರ ಮೇಲೆ ಬಿಳಿ ಪೇಂಟಿನ ಗುರುತಿತ್ತು. ಡ್ರಮ್ಮು ಅದೇ ಬಾಗಿಲ ಮುಂದೆ ಇನ್ನೂ ಇತ್ತು.

ಆಕೆ ಹೊರಗೆ ಬಂದಳು. ನಾನು ಅಂದುಕೊಂಡಿದ್ದಕ್ಕಿಂತ ಚಿಕ್ಕ ವಯಸ್ಸು. ಚಿತ್ರದಲ್ಲಿ ದಣಿವು ವಯಸ್ಸು ಏರಿಸಿತ್ತು. ಫೋಟೋವನ್ನು ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಪಕ್ಕದ ಮನೆಯವರು ಇಣುಕಿದಾಗ ಎದೆಗೆ ಮಗುಚಿಕೊಂಡಳು.

“ಯೇ ಕಾಯ್ಕು ನಿಕಾಲೇ?” ಯಾಕೆ ತೆಗೆದಿರಿ?

ಚೆನ್ನಾಗಿ ಕಂಡಿತು ಎಂದೆ. ನಮ್ಮೂರ ದಖನಿಯಲ್ಲಿ ಮಾತಾಡಿದ್ದಕ್ಕೆ ಮೊದಲು ಸ್ವಲ್ಪ ಸಡಿಲವಾಗಿದ್ದ ಆಕೆಯ ಮುಖ ಮತ್ತೆ ಬಿಗಿಯಿತು. “ಟ್ಯಾಂಕರ್ ಎಲ್ಲಿ?” ಎಂದಳು.

“ಯಾವ ಟ್ಯಾಂಕರ್?”

“ಆ ವರ್ಷ ಟ್ಯಾಂಕರಿಗೆ ಕಾಯ್ತಿದ್ವಿ. ರಾತ್ರಿ ಮೂರು ಗಂಟೆಗೆ ಬಂದು ಕೂತಿದ್ದೆ. ನಿದ್ದೆ ಹತ್ತಿತು. ಎದ್ದಾಗ ಟ್ಯಾಂಕರ್ ಖಾಲಿ. ನಾಲ್ಕೂ ಕೊಡ ಖಾಲಿ ಹೊತ್ತು ಮನೆಗೆ ಹೋದೆ. ನನ್ನ ಸಾಸ್ ಇವತ್ತಿಗೂ ಆಡಿ ತೋರಿಸ್ತಾಳೆ. ಒಂದೇ ಸಲ ಮಲಗಿದ್ದು ನಾನು. ಇದು ಅದೇ ದಿನ.”

ಪ್ರಿಂಟಿನಲ್ಲಿ ಟ್ಯಾಂಕರ್ ಇಲ್ಲ. ಮೂಲ ಚಿತ್ರದಲ್ಲಿದೆ. ಎಡ ಅಂಚಿನಲ್ಲಿ ಹಳದಿ ಟ್ಯಾಂಕರಿನ ಹಿಂಭಾಗ, ಪೈಪು, ಅದರತ್ತ ಓಡುತ್ತಿರುವ ಎರಡು ಹೆಂಗಸರ ಬೆನ್ನು. ಚಿತ್ರ ಗಲಿಬಿಲಿಯಾಗುತ್ತದೆಂದು ನಾನೇ ಕತ್ತರಿಸಿದ್ದೆ. ಅಂದರೆ ಟ್ಯಾಂಕರ್ ಬಂದದ್ದನ್ನು ನಾನು ನೋಡಿದ್ದೆ. ನೋಡಿ, ಬೆಳಕು ಹೋಗುವ ಮೊದಲು ಇನ್ನೂ ಹನ್ನೊಂದು ಚಿತ್ರ ತೆಗೆದಿದ್ದೆ. ಆಕೆ ಏಳಬಾರದೆಂದು ಮೆಲ್ಲಗೆ ಹೆಜ್ಜೆಯಿಟ್ಟಿದ್ದೆ.

ಇದನ್ನು ಆಕೆಗೆ ಹೇಳಿದೆ. ಬಹುಮಾನದ ಸಂಗತಿಯನ್ನೂ ಹೇಳಿದೆ, ಎಷ್ಟು ಎಂದು ಕೇಳಿದಾಗ ಎಷ್ಟೆಂಬುದನ್ನೂ. ಆಕೆ ಬೈಯಬಹುದು ಎಂದುಕೊಂಡೆ. ಬೈಯಲಿಲ್ಲ.

“ಉಠಾನಾ ಥಾ,” ಎಂದಳು. ಎಬ್ಬಿಸಬೇಕಿತ್ತು.

ಮಲಿಕ್ ಅಂಬರ್ ಉತ್ತರದ ಗುಡ್ಡಗಳಿಂದ ನೆಲದಡಿಯ ಕೊಳವೆಗಳಲ್ಲಿ ನೀರು ತಂದು ಈ ಊರನ್ನು ಬದುಕಿಸಿದ. ನಹರ್-ಎ-ಅಂಬರಿ ಎಂದು ಅದಕ್ಕೆ ಹೆಸರು. ಪನ್‌ಚಕ್ಕಿ ನೋಡಲು ಬರುವ ಪ್ರವಾಸಿಗರಿಗೆ ಗೈಡುಗಳು ಇಲ್ಲಿನ ಹಳೆಯ ಜಲವಿದ್ಯೆಯ ಹೆಮ್ಮೆಯನ್ನು ಈಗಲೂ ಹೇಳುತ್ತಾರೆ. ಆ ಊರಿನಲ್ಲಿ ಈಗ ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ ಎಂದು ಆಕೆಯನ್ನು ಕೇಳಿದೆ. ವಾರ, ಕೆಲವೊಮ್ಮೆ ಹತ್ತು ದಿನ ಎಂದಳು. ಅದಕ್ಕೇ ಡ್ರಮ್ಮು.

ಫೋಟೋ ವಾಪಸ್ಸು ಕೊಟ್ಟಳು. “ಲೇ ಜಾವ್. ಮನೆಯಲ್ಲಿ ಇಟ್ಟರೆ ಸಾಸ್ ನೋಡ್ತಾಳೆ.” ನಾನು ಲಕೋಟೆಗೆ ಹಾಕಿಕೊಂಡೆ. ಹೊರಡಬೇಕೋ ನಿಲ್ಲಬೇಕೋ ತಿಳಿಯದೆ ನಿಂತಿದ್ದಾಗ ಆಕೆ ಕ್ಯಾಮೆರಾ ನೋಡಿ, “ಪಾಸ್‌ಪೋರ್ಟ್ ಸೈಜ್ ಬರ್ತದಾ ಇದರಲ್ಲಿ?” ಎಂದಳು. ಮಗನಿಗೆ ಶಾಲೆಯಲ್ಲಿ ಸ್ಕಾಲರ್‌ಶಿಪ್ಪಿನ ಅರ್ಜಿಗೆ ಫೋಟೋ ಕೇಳಿದ್ದಾರಂತೆ, ನಾಳೆ ಕೊನೆ ದಿನವಂತೆ.

ಗೋಲಿ ಆಡುತ್ತಿದ್ದವರಲ್ಲೇ ಒಬ್ಬ ಆ ಮಗ. ಮುಖ ತೊಳೆಸಿದರು, ನೀರು ಹಿತಮಿತವಾಗಿ ಬಳಸಿ. ತಲೆ ಬಾಚಿದರು. ಬಾಗಿಲಿಗೆ ಬಿಳಿ ಚಾದರ ಕಟ್ಟಿದೆವು, ಒಂದು ತುದಿ ಪಕ್ಕದ ಮನೆಯಾಕೆ ಹಿಡಿದಳು. ಹುಡುಗ ಕ್ಲಿಕ್ ಅಂದಾಗಲೆಲ್ಲ ಕಣ್ಣು ಮುಚ್ಚುತ್ತಿದ್ದ. ಆಕೆ ನನ್ನ ಬೆನ್ನ ಹಿಂದೆ ನಿಂತು ಗದರುತ್ತಿದ್ದಳು. ಇಪ್ಪತ್ತು ವರ್ಷದಿಂದ ಫೋಟೋ ತೆಗೆಯುತ್ತಿದ್ದೇನೆ, ಅಷ್ಟು ಹೆದರಿ ಯಾವತ್ತೂ ತೆಗೆದಿಲ್ಲ. ಏಳನೆಯದು ಸರಿಬಂತು.

ರಾತ್ರಿ ಹೋಟೆಲಿನಿಂದ ಕ್ಲಬ್ಬಿನ ಕಾರ್ಯದರ್ಶಿಗೆ ಮಿಂಚಂಚೆ ಬರೆದೆ, ಜಾಲತಾಣದಿಂದ ಆ ಚಿತ್ರ ತೆಗೆಯಬೇಕೆಂದು. ಕಾರಣ ಬರೆಯಲು ಹೋದರೆ ಉದ್ದವಾಯಿತು, ಅಳಿಸಿ ಎರಡೇ ಸಾಲು ಬರೆದೆ. ಹೆಂಡತಿಗೆ ಫೋನು ಮಾಡಿ ಮೆಟ್ಟಿಲ ಪಕ್ಕದ ಚೌಕಟ್ಟು ಇಳಿಸು ಎಂದೆ. ಯಾಕೆ ಎಂದು ಆಕೆ ಕೇಳಲಿಲ್ಲ. ಆಕೆ ಕೇಳದಿದ್ದಾಗ ನನಗೆ ಇನ್ನೂ ಹೆಚ್ಚು ಕಷ್ಟ.

ಬೆಳಗ್ಗೆ ಶಹಾಗಂಜಿನ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿದೆ. ಎಂಟು ಕಾಪಿ, ಅರವತ್ತು ರೂಪಾಯಿ. ಒಂಬತ್ತಕ್ಕೆ ಶಾಲೆಯ ಮೊದಲೇ ಓಣಿಗೆ ಹೋದೆ. ಆಕೆ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ಎಣಿಸಿದಳು. ಎಷ್ಟಾಯಿತು ಎಂದಳು. ಪರವಾಗಿಲ್ಲ ಬಿಡಿ ಎಂದೆ. ಎಷ್ಟಾಯಿತು ಎಂದು ಇನ್ನೊಮ್ಮೆ ಕೇಳಿದಳು. ಹೇಳಿದೆ. ಒಳಗೆ ಹೋಗಿ ಒಂದು ಐವತ್ತರ ನೋಟು, ಹತ್ತರ ಒಂದು ನಾಣ್ಯ ತಂದು ನನ್ನ ಕೈಯಲ್ಲಿಟ್ಟಳು.

ತೆಗೆದುಕೊಂಡೆ.